ಟೋಪಿಯ ಕೆಳಗಿನ ಕಪ್ಪು

“ಇದರೊಳಗೆ ನಾನಿದ್ದೀನಾ?” ಅಮ್ಮ ಚಿತ್ರದ ಹಲಗೆಯಿಂದ ಹಿಂದೆ ಸರಿದಳು. “ಜೀವ ಇರೋವಾಗ್ಲೇ ನನ್ನ ಮೇಲೆ ಕರಿ ಮೆರುಗು ಬಳಿದುಬಿಟ್ಟೆಯೇನೇ?”

ಹೇಳಬಾರದಿತ್ತು ಎಂದು ದಿಯೆಪ್‌ಗೆ ಆಗ ಅನ್ನಿಸಿತು. ಮಗಳ ಚಿತ್ರ ಮೊದಲ ಸಲ ಸಮುದ್ರ ದಾಟಿ ಪ್ಯಾರಿಸ್ಸಿಗೆ ಹೋಗುತ್ತದೆ, ಅದಕ್ಕೆ ಮುಂಚೆ ಒಮ್ಮೆ ನೋಡಬೇಕು ಎಂದು ಅಮ್ಮ ಬಾಳೆಲೆಯಲ್ಲಿ ಕಟ್ಟಿದ ಅಂಟಕ್ಕಿ ಕಡುಬನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹನೋಯ್‌ಗೆ ಬಂದಿದ್ದಳು. ಪೊರೆ ಬಂದ ಕಣ್ಣನ್ನು ಹಲಗೆಗೆ ತಾಗಿಸುವಷ್ಟು ಬಾಗಿ ನೋಡಿದಳು. ಊರ ಗುಡ್ಡ ಸಿಕ್ಕಿತು, ತಾಳೆಮರ ಸಿಕ್ಕಿತು. “ನನ್ನನ್ನೂ ಬರೆದಿದ್ದೀನಿ ಅಂದಿದ್ದೆಯಲ್ಲ, ಎಲ್ಲಿ?” ಎಂದಳು. ದಿಯೆಪ್ ಗುಡ್ಡದ ಬುಡದಲ್ಲಿದ್ದ ಕಪ್ಪನ್ನು ತೋರಿಸಿ, “ಇದರ ಕೆಳಗೆ” ಎಂದಿದ್ದೇ ತಪ್ಪಾಯಿತು. ಅವರ ಊರಿನಲ್ಲಿ ಮನುಷ್ಯರನ್ನು ಮೆರುಗು ಬಳಿದು ಮುಚ್ಚುವುದು ಒಂದೇ ಸಲ, ಶವಪೆಟ್ಟಿಗೆಯ ಸಂದುಗಳನ್ನು ಅಂಟಿಸುವಾಗ.

“ಈ ಕೆಲಸ ಮಾಡೋದೇ ಹೀಗಮ್ಮ. ಮೊದಲು ಬರೆಯೋದು, ಆಮೇಲೆ ಮುಚ್ಚೋದು, ಆಮೇಲೆ ನೀರು ಹಾಕಿ ಉಜ್ಜಿ ಉಜ್ಜಿ ಹೊರಗೆ ತರೋದು.”

“ಗುಡ್ಡ ಹೊರಗೆ ಬಂತು, ಮರ ಬಂತು. ನಾನು ಮಾತ್ರ ನಿನಗೆ ಬೇಡವಾದೆನಾ?”

ಅಮ್ಮ ಬೇಡವಾಗಿರಲಿಲ್ಲ, ದಿಯೆಪ್‌ಗೆ ಹೆದರಿಕೆಯಾಗಿತ್ತು. ಬಾತುಮೊಟ್ಟೆಯ ಚಿಪ್ಪನ್ನು ಚೂರು ಚೂರಾಗಿ ಅಂಟಿಸಿ ಚಿಕ್ಕ ವಯಸ್ಸಿನ ಅಮ್ಮನನ್ನು ಕೂರಿಸಿದ್ದಳು. ಆ ಚಿಪ್ಪಿನ ದಪ್ಪವೆಷ್ಟು? ಒಂದು ಸಲ ಕಡಿಮೆ ಉಜ್ಜಿದರೆ ಅಮ್ಮ ಕತ್ತಲಲ್ಲೇ ಉಳಿಯುತ್ತಾಳೆ, ಒಂದು ಸಲ ಹೆಚ್ಚಾದರೆ ಹೊರಟೇಹೋಗುತ್ತಾಳೆ. ಆ ವಯಸ್ಸಿನ ಅಮ್ಮನ ಫೋಟೋ ಒಂದೂ ಇರಲಿಲ್ಲ. ಮುಖ ನೆನಪಿನಲ್ಲಿ ಒಂದೇ ಒಂದು ಸಲ ಸಿಕ್ಕಿತ್ತು, ಸಿಕ್ಕ ಕೂಡಲೇ ಮುಚ್ಚಿದ್ದಳು. ಆಮೇಲೆ ಪ್ರತಿದಿನ ಪಾಲಿಶ್ ಪೇಪರ್ ಹಿಡಿದು ಕೂತರೂ ಕೈ ತಾನಾಗಿ ಗುಡ್ಡದ ಕಡೆಗೆ ಹೋಗಿಬಿಡುತ್ತಿತ್ತು.

ಈ ಹೆದರಿಕೆ ಹಳೆಯದು. ಅಮ್ಮ ಮೆರುಗಿನ ಮರದಿಂದ ಇಳಿಸಿ ತಂದ ಸೊನೆಯಲ್ಲಿ ಬೆರಳದ್ದಿ, ಪುಟ್ಟ ದಿಯೆಪ್ ಬಾಗಿಲ ಮೇಲೆ ಈ ಗುಡ್ಡವನ್ನೇ ಬರೆದಿದ್ದಳು. ಹಾಲಿನಂಥ ಸೊನೆ, ಬರೆದದ್ದು ಕಾಣಲೇ ಇಲ್ಲ. ಮಾರನೆಯ ಬೆಳಿಗ್ಗೆ ಬಾಗಿಲ ಮೇಲೆ ಗುಡ್ಡ ಕಪ್ಪಗೆ ಎದ್ದು ನಿಂತಿತ್ತು. ಸೊನೆಯ ನಂಜಿಗೆ ಅವಳ ಮುಖವೂ ಊದಿ ಕಣ್ಣು ಮುಚ್ಚಿಹೋಗಿತ್ತು. ಕಮರಾಕ್ಷಿ ಸೊಪ್ಪಿನ ನೀರಲ್ಲಿ ಮುಖ ತೊಳೆಯುತ್ತ ಅಮ್ಮ ಅಳುತ್ತಿದ್ದಳು. “ನಾನು ಕಾಣ್ತೀನೇನೇ? ಹೇಳೇ, ಕಾಣ್ತೀನಾ?” ಏನೂ ಕಾಣುತ್ತಿರಲಿಲ್ಲ. “ಕಾಣ್ತೀಯಮ್ಮ” ಎಂದಿದ್ದಳು ಹುಡುಗಿ. ಆ ಬಾಗಿಲಿನಿಂದ ಶಾಲೆಯ ಗೋಡೆಗೆ, ಅಲ್ಲಿಂದ ಹನೋಯ್‌ನ ಚಿತ್ರಶಾಲೆಗೆ, ಈಗ ಪ್ಯಾರಿಸ್ಸಿಗೆ, ಅವಳು ಹೊತ್ತು ನಡೆದದ್ದು ಅದೇ ಗುಡ್ಡವನ್ನು.

“ಹಾಗೇ ಕಳಿಸಿಬಿಡ್ತೀನಮ್ಮ. ಅಲ್ಲಿ ಯಾರಿಗೂ ಗೊತ್ತಾಗಲ್ಲ.”

“ನಮ್ಮೂರಿಗೆ ಬಸ್ಸಿನವನೇ ಬರೋಕೆ ಒಪ್ಪಲ್ಲ, ನಮ್ಮ ಗುಡ್ಡ ನೋಡೋಕೆ ಅಲ್ಲಿ ಜನ ಬರ್ತಾರಂತೆ! ಬಂದವರಿಗೆ ಗೊತ್ತಾಗದಿದ್ರೆ ಬಿಡು, ನನಗೆ ಗೊತ್ತಲ್ಲ? ಯಾರದೋ ಗೋಡೆ ಮೇಲೆ ಉಸಿರು ಕಟ್ಟಿಕೊಂಡು ಕೂತಿರ್ಲಾ?” ಅಮ್ಮ ಮಗಳ ತೋಳು ಹಿಡಿದಳು. “ಇವತ್ತು ರಾತ್ರಿ ನಾನು ನಿದ್ದೆ ಮಾಡಲ್ಲ ಕಣೇ. ತೆಗಿ ನನ್ನನ್ನ ಹೊರಗೆ.”

ಚಿತ್ರ ಒಯ್ಯುವ ಗಾಡಿ ಬರುವ ಹೊತ್ತಾಗಿತ್ತು. ದಿಯೆಪ್ ಮೇಜಿನ ಮೇಲೆ ಮಲಗಿದ್ದ ಹಲಗೆಗೆ ನೀರು ಸುರಿದು ಉಜ್ಜತೊಡಗಿದಳು. ಕರಿನೀರು ಮೊಣಕೈವರೆಗೆ ಹರಿಯಿತು. ಮೊದಲು ತಾಳೆಗರಿ ಟೋಪಿಯ ತುದಿ ಬೆಳ್ಳಗೆ ಮೂಡಿತು. ಭುಜ ಬಂತು. ಸೊನೆಯ ಬಟ್ಟಲು ಹಿಡಿದ ಕೈ ಬಂತು. ಅಮ್ಮನ ಉಸಿರು ಅವಳ ಕತ್ತಿಗೆ ಬಿಸಿಯಾಗಿ ತಾಗುತ್ತಿತ್ತು.

“ಮುಖ?”

“ಬರ್ತಿದೆ, ತಡಿ.”

ಕೆನ್ನೆ ಬಂತು. ಕಣ್ಣಿನ ರೆಪ್ಪೆ ಬಂತು. ಹಲಗೆಯೊಳಗಿನ ತಾಯಿ, ದಿಯೆಪ್‌ಗಿಂತ ಎಷ್ಟೋ ಚಿಕ್ಕವಳು, ಅವಳನ್ನು ನೋಡಿದಳು. ನಿಲ್ಲಿಸು ಎಂದು ಮನಸ್ಸು ಕೂಗುವಷ್ಟರಲ್ಲಿ ಕೈ ಇನ್ನೊಂದು ಸಲ ಸರಿದಿತ್ತು.

ಟೋಪಿಯ ಕೆಳಗೆ ಈಗ ಏನೂ ಇರಲಿಲ್ಲ. ಚಿಪ್ಪು ಸವೆದು, ತಳದ ಕಪ್ಪು ನೀರಿನಲ್ಲಿ ಹೊಳೆಯುತ್ತಿತ್ತು.

“ಬಂದೆನಾ? ಕಾಣ್ತೀನೇನೇ?”

ದಿಯೆಪ್ “ಕಾಣ್ತೀಯಮ್ಮ” ಎಂದಳು.

ಅಮ್ಮ ಬಾಗಿದಳು. ಕನ್ನಡಿಯಂತಿದ್ದ ಆ ಹಸಿ ಕಪ್ಪಿನಲ್ಲಿ, ಬಿಳಿ ಟೋಪಿಗೆ ಸರಿಯಾಗಿ ಕೆಳಗೆ, ಅವಳದೇ ಮುಖ ಬಂದು ನಿಂತಿತು.

“ಹೂಂ, ನಾನೇ.” ಅಮ್ಮ ನಿಟ್ಟುಸಿರಿಟ್ಟಳು. “ಇಷ್ಟು ಮುದುಕಿ ಮಾಡಬೇಕಿತ್ತಾ? ಇರಲಿ ಬಿಡು. ಹೊರಗೆ ಬಂದೆನಲ್ಲ.”

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಹಲಗೆಯ ಅಂಚಿನಿಂದ ನೀರು ಆರುತ್ತ, ಹೊಳಪು ಮಾಸುತ್ತ ಬರುತ್ತಿತ್ತು. ದಿಯೆಪ್ ಮತ್ತೆ ನೀರು ಸುರಿದಳು.

“ಅಲ್ಲಾಡಬೇಡಮ್ಮ” ಎಂದಳು. “ಇನ್ನೊಂದು ಚೂರು ಹಾಗೇ ಇರು.”