ವಿನಾಯಿತಿ

ವಾಯುಪಡೆಯ ವೈದ್ಯರು ಒಳಗೆ ಮಗನನ್ನು ಪರೀಕ್ಷಿಸುತ್ತಿದ್ದಷ್ಟು ಹೊತ್ತೂ ತಾಯಿ ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ತುಟಿಗಳು ಮಾತ್ರ ಅಲುಗುತ್ತಿದ್ದವು.

ಹೋದ ದೀಪಾವಳಿಯಂದು ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡ ಮಗ ಮಹಡಿಯಿಂದ ಸ್ನಾನಕ್ಕೆ ಇಳಿದು ಬರುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ. ಮುರಿದ ಕಾಲಿಗೆ ಹಾಕಿದ ಪ್ಲೇಟು, ಸ್ಕ್ರೂಗಳು ಇನ್ನೂ ಒಳಗೇ ಇದ್ದವು. ಮೈಯಲ್ಲಿ ಲೋಹ ಇರುವವನಿಗೆ ಯುದ್ಧವಿಮಾನ ಹಾರಿಸಲು ಕೊಡುವುದಿಲ್ಲ ಎಂದು ಎಲ್ಲರೂ ಹೇಳಿದ್ದರು.

ಬಾಗಿಲು ತೆರೆಯಿತು.

"ಅವ್ವಾ, ವಿನಾಯಿತಿ ಕೊಟ್ರು! ಎಲುಬು ಗಟ್ಟಿ ಕೂಡೇತಿ, ಪ್ಲೇಟ್ ಇದ್ರೂ ನಡೀತೈತಿ ಅಂದ್ರು."

ಅವಳು ಗಳಗಳನೆ ಅತ್ತುಬಿಟ್ಟಳು.

"ಯಾಕ ಅಳ್ತಿ? ನೀ ಹೊತ್ತ ಹರಕಿ ಫಲಿಸ್ತಲ್ಲ!"

"ನಿಮ್ಮಪ್ಪನ ನೆನಪಾತು."

"ಅಪ್ಪನ ವಿಮಾನ ಬಿದ್ದಿದ್ದು ಆಗಿನ ಕಾಲಕ್ಕ. ಈಗಿನ ವಿಮಾನ ಹಂಗೆಲ್ಲಾ ಬೀಳಂಗಿಲ್ಲವ್ವಾ."

"ಹೌದಪ್ಪಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗ ತರಬೇತಿಗೆ ಹೊರಡುವ ದಿನ ಬೆಳಿಗ್ಗೆ ಅವನನ್ನು ಮಣೆಯ ಮೇಲೆ ಕೂರಿಸಿ, ತಲೆಗೂ ಮೈಗೂ ಎಣ್ಣೆ ತಿಕ್ಕಿ, ಆರತಿ ಎತ್ತಿದಳು. ಪ್ಲೇಟು ಹಾಕಿದ ಕಾಲನ್ನು ಮೆಲ್ಲಗೆ ಸವರಿದಳು.

"ನೀರು ಕಾದಾವು. ಮ್ಯಾಲೆ ಹೋಗಿ ಟವೆಲ್ ತಗೊಂಡು ಲಗೂನ ಓಡಿ ಬಾ."

ಅವನು ಎರಡೆರಡು ಮೆಟ್ಟಿಲು ಹಾರುತ್ತ ಮಹಡಿಗೆ ಓಡಿದ.

ಹೋದ ಸಲ ಅವಳು ಕೆಳಗಿನ ಮೆಟ್ಟಿಲಿಗೆ ಮಾತ್ರ ಎಣ್ಣೆ ಸುರಿದಿದ್ದಳು. ಈ ಸಲ ಬಟ್ಟಲು ಹಿಡಿದು, ಸದ್ದಾಗದಂತೆ, ತುದಿಯ ಮೆಟ್ಟಿಲವರೆಗೂ ಹತ್ತಿದಳು.