ಸೀರಿಯಸ್ ಹುಡುಗ

"ಅಜ್ಜಿ, ಆ ಹುಡುಗ ಭಾಳ ಸೀರಿಯಸ್ ಅದಾನ," ಎಂದು ಸುರೇಖಾ ಪಿಸುಗುಟ್ಟಿದಳು.

ಅಡಿಕೆ ಕತ್ತರಿಸುತ್ತಿದ್ದ ಅಜ್ಜಿಯ ಕೈಯಿಂದ ಅಡಕೊತ್ತು ಜಾರಿತು. "ಅಯ್ಯ ನಮ್ಮವ್ವಾ! ಯಾವ ದವಾಖಾನ್ಯಾಗ?"

"ರೋಗ ಅಲ್ಲಬೇ! ಮದುವಿ ಆದ್ರ ನಿನ್ನನ್ನ ಆಗತೇನಿ ಅಂತ ಕುಂತಾನ. ಅಪ್ಪಗ ಹೆಂಗ ಹೇಳ್ಲಿ?"

ಪ್ರೀತಿಗೀತಿ ಅಂದರೆ ಸಿಡಿಯುವ ಅಪ್ಪ, ಯಾರಿಗಾದರೂ ರಕ್ತ ಬೇಕೆಂದರೆ ಮಾತ್ರ ಉಣ್ಣುವ ತಾಟು ಬಿಟ್ಟು ಓಡುವವನು. ಅಜ್ಜಿ ಕ್ಷಣ ಯೋಚಿಸಿ, ಸೆರಗು ಸಿಕ್ಕಿಸಿಕೊಂಡು ಅವನು ಉಣ್ಣುತ್ತಿದ್ದ ಪಡಸಾಲೆಗೆ ನಡೆದಳು. ಸುರೇಖಾ ಬಾಗಿಲ ಹಿಂದೆ ನಿಂತಳು.

"ಬಸಲಿಂಗಾ, ಒಬ್ಬ ಹುಡುಗ ಭಾಳ ಸೀರಿಯಸ್ ಅದಾನಪಾ. ನೀ ಮನಸ್ಸು ಮಾಡಿದ್ರ ಉಳೀತಾನ."

ಅಪ್ಪ ತಾಟು ಸರಿಸಿ ಎದ್ದೇಬಿಟ್ಟ. "ನಡೀಬೇ ಮತ್ತ! ನನ್ನ ರಕ್ತ ನಡೀತೈತೇನು?"

"ನಿನ್ನ ರಕ್ತಾನ ಬೇಕಂತ," ಎಂದಳು ಅಜ್ಜಿ. "ಬಾಗಲ ಹಿಂದ ನಿಂತೈತಿ, ಕರಿ."