ಮೂರನೆಯ ನಟ್ಟು

ಟಕ್, ಟಕ್, ಟಕ್.

ಲಾರಿ ಇನ್ನೂ ಓಣಿಗೆ ತಿರುಗಿರಲಿಲ್ಲ, ಅಣ್ಣಾರಾಯನಿಗೆ ಆಗಲೇ ಕೇಳಿಸಿತು. ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾವನ್ನು ನೆಲಕ್ಕೆ ಒಗೆದ. ಇದು ಎರಡನೆಯ ಸಲ.

ಆ ಲಾರಿಯ ಎಂಜಿನ್ನನ್ನು ಅವನು ಪೂರ್ತಿ ಬಿಚ್ಚಿ, ತೊಳೆದು, ಹೊಸದಾಗಿ ಕಟ್ಟಿದ್ದ. ಎರಡು ತಿಂಗಳು ಬೆವರು ಸುರಿಸಿದ ಕೆಲಸ. ಆಳಂದದ ತನ್ನ ಅಂಗಳದಲ್ಲಿ ಶುರು ಮಾಡಿದರೆ ಸಾಕಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಅಫಜಲಪುರದ ದಾರಿಯಲ್ಲಿ ಹತ್ತು ಮೈಲಿ ಹೋಗುವಷ್ಟರಲ್ಲಿ ಟಕ್ ಟಕ್ ಎಂದು ಅವನ ಮಾನ ಹರಾಜು ಹಾಕುತ್ತಿತ್ತು.

ಲಾರಿಯ ಮಾಲೀಕ ದೌಲತರಾಯರು ಹತ್ತಿ ವ್ಯಾಪಾರಿ, ಮಾತು ಕಡಿಮೆ. ಇಳಿದವರೇ ಹೇಳಿದರು:

"ಸೋಮವಾರ ಫೌಜಿನ ಸಾಹೇಬರು ಬರ್ತಾರ, ಅಣ್ಣಾರಾಯ. ಅವರನ್ನ ಕೂಡಿಸ್ಕೊಂಡು ಲಾರಿ ಸಪ್ಪಳಿಲ್ಲದ ಹೋಗಿ ಬಂತಂದ್ರ ನೀ ಬಸರಾಕ್ಕ ಹೋದಂಗಽ. ಇಲ್ಲಂದ್ರ ಜೇವರ್ಗಿ ಮಿಸ್ತ್ರಿ ಮುರ್ತುಜಾ ಅದಾನ."

ಯುದ್ಧದ ಮೂರನೆಯ ವರ್ಷ ಅದು. ಕೈ ಪಳಗಿದ ಮಿಸ್ತ್ರಿಗಳನ್ನು ಫೌಜಿನವರು ಹುಡುಕಿ ಹುಡುಕಿ ಹಡಗು ಹತ್ತಿಸುತ್ತಿದ್ದರು. ಕಡಲಾಚೆ ಬಸರಾದ ಫೌಜಿನ ಕಾರ್ಖಾನೆಯಲ್ಲಿ ಸಾವಿರ ಲಾರಿ ಸಾಲಾಗಿ ನಿಂತಿರುತ್ತವಂತೆ. ಆಳಂದದಲ್ಲಿ ಅಣ್ಣಾರಾಯನ ಪಾಲಿಗಿದ್ದದ್ದು ಈ ಒಂದು ಲಾರಿ, ಉಳಿದದ್ದೆಲ್ಲ ಸೈಕಲ್ಲು. ಹೋಗಲೇಬೇಕೆಂದು ಅವನು ಹಟ ಹಿಡಿದಿದ್ದ.

ಈ ವಿಷಯ ಮೊದಲ ಸಲ ಹೇಳಿದಾಗ ಹೆಂಡತಿ ಮಲ್ಕಮ್ಮ ಹಿರೋಳ್ಳಿಯ ಭಗವಂತ ಎಂಬ ಹುಡುಗನ ನೆನಪು ತೆಗೆದಿದ್ದಳು. ಅವನು ಫೌಜಿಗೆ ಹೋದ ಮೂರು ತಿಂಗಳಿಗೆ ಮನೆಗೆ ಸಾವಿನ ತಂತಿ ಬಂದಿತ್ತು. ಅವನು ಬಂದೂಕಿನವನು, ನಾನು ಪಾನಾದವನು ಎಂದು ಅಣ್ಣಾರಾಯ ನಕ್ಕುಬಿಟ್ಟಿದ್ದ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಬದಲಿಗೆ ಎಂಜಿನ್ನಿನ ಚಿಂತೆ ಅವನಿಗಿಂತ ಅವಳಿಗೇ ಹೆಚ್ಚಾಯಿತು. ಲಾರಿ ಬಂದು ನಿಂತರೆ ಸಾಕು, ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

"ಸಪ್ಪಳ ಹೋತೇನ್ರಿ?"

"ಇಲ್ಲ."

ಅವಳು ದೇವರ ಗೂಡಿನತ್ತ ನೋಡಿ ಕೈ ಮುಗಿಯುತ್ತಿದ್ದಳು. ಇಂಥ ಹೆಂಡತಿ ಸಿಕ್ಕದ್ದು ತನ್ನ ಪುಣ್ಯ ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು.

ರೋಗ ಅವನಿಗೆ ಗೊತ್ತಿಲ್ಲದ್ದೇನಲ್ಲ. ವಾಲ್ವುಗಳನ್ನು ಎತ್ತುವ ಬೋಲ್ಟು ಹನ್ನೆರಡು. ಬೋಲ್ಟು ಜಾರದಂತೆ ಒಂದೊಂದಕ್ಕೂ ಒಂದು ನಟ್ಟು. ಎಂಜಿನ್ನು ಕಟ್ಟುವ ದಿನಗಳಲ್ಲಿ ಒಮ್ಮೆ ಊಟಕ್ಕೆ ಕೂತು, ತಟ್ಟೆಯೊಳಗಿನ ರೊಟ್ಟಿಯನ್ನು ಕಾಲು ಸುತ್ತು ತಿರುಗಿಸಿ ಮಲ್ಕಮ್ಮನಿಗೂ ತೋರಿಸಿದ್ದ: "ಒಂದು ನಟ್ಟು ಪಾವ್ ಸುತ್ತು ಸಡ್ಲಾದ್ರ ಸಾಕು. ಅಂಗಳದಾಗ ತಿಳಿಯಂಗಿಲ್ಲ. ಹತ್ತು ಮೈಲಿ ಹೊಡ್ತಕ್ಕ ಬೋಲ್ಟು ಜಾರ್ತದ, ಟಕ್ ಟಕ್ ಅಂತದ." ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ರಗಳೆಯೇ ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದ್ದಳು.

ಮುಚ್ಚಳ ಬಿಚ್ಚಿ ನೋಡಿದ. ಈ ಸಲವೂ ಮೂರನೆಯ ನಟ್ಟೇ ಸಡಿಲ.

ಮೊದಲು ಡ್ರೈವರ್ ಭೀಮಶಾನ ಮೇಲೆ ಅನುಮಾನ ಬಂತು. ಆದರೆ ಅಣ್ಣಾರಾಯನ ಕೆಲಸಕ್ಕೊಂದು ಪದ್ಧತಿಯಿತ್ತು. ನಟ್ಟು ಬಿಗಿದ ಮೇಲೆ, ಅಗಸಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆಟ್ಟಿನಿಂದ ಅದಕ್ಕೆ ಬಳಿಯುತ್ತಿದ್ದ. ಅವನು ಬಳಿದರೆ ಅರ್ಧ ನಟ್ಟೇ ಕೆಂಪಾಗುತ್ತಿತ್ತು. ಬೇರೆ ಯಾರಾದರೂ ಪಾನಾ ಹಾಕಿದರೆ ಕುಂಕುಮ ಅಳಿಸಿಹೋಗಬೇಕು. ಮೂರನೆಯ ನಟ್ಟಿನ ಮೇಲೆ ಕುಂಕುಮ ಇತ್ತು. ಅಂದಮೇಲೆ ಯಾರೂ ಮುಟ್ಟಿಲ್ಲ, ಕಬ್ಬಿಣವೇ ಸರಿಯಿಲ್ಲ. ಹೋದ ಸಲದ ಹಾಗೆಯೇ ಈ ನಟ್ಟನ್ನೂ ತೆಗೆದು ಡಬ್ಬಿಗೆ ಎಸೆದು, ಈ ಸಲ ಸೊಲ್ಲಾಪುರದಿಂದ ಹೊಸದನ್ನು ತರಿಸಿ ಹಾಕಿದ.

ಸೋಮವಾರ ಸಾಹೇಬರು ಬಂದರು. ಅಣ್ಣಾರಾಯ ಹನ್ನೆರಡೂ ನಟ್ಟು ಬಿಗಿದು, ಕುಂಕುಮ ಬಳಿದು, ಎಂದಿನಂತೆ ಜಳಕಕ್ಕೆ ಹೋದ. ಜಿಡ್ಡಿನ ಮೈಯಲ್ಲಿ ಗಾಡಿ ಒಪ್ಪಿಸುವುದು ಅವನಿಗೆ ಸೇರದು. ಅಷ್ಟರಲ್ಲಿ ಮಲ್ಕಮ್ಮ ಎಂದಿನಂತೆ ಎಂಜಿನ್ನಿಗೆ ಊದಿನಕಡ್ಡಿ ಬೆಳಗಿ, ಗಾಲಿಗೆ ನಿಂಬೆಹಣ್ಣಿಟ್ಟು ಪೂಜೆ ಮುಗಿಸಿದ್ದಳು. ಅವನು ಬಂದು ಹನ್ನೆರಡು ಕೆಂಪು ಎಣಿಸಿ ಮುಚ್ಚಳ ಹಾಕಿದ. ಎಂಜಿನ್ನು ಗುರುಗುಟ್ಟಿತು. ಸಾಹೇಬರು ತಲೆದೂಗಿ ಹತ್ತಿ ಕೂತರು.

ಇಳಿಹೊತ್ತಿಗೆ ಲಾರಿ ತಿರುಗಿ ಬಂತು. ಟಕ್, ಟಕ್, ಟಕ್.

ಬಸರಾಕ್ಕೆ ಮುರ್ತುಜಾ ಹೋದ. ಅಣ್ಣಾರಾಯ ಎರಡು ದಿನ ಅನ್ನ ಮುಟ್ಟಲಿಲ್ಲ. ಮಲ್ಕಮ್ಮನ ಕಣ್ಣಲ್ಲೂ ನೀರು ಬಂತು. ಕೊನೆಗೆ ಅವನೇ ಅವಳಿಗೆ ಸಮಾಧಾನ ಹೇಳಬೇಕಾಯಿತು.

ಗುರುವಾರ ದೌಲತರಾಯರ ಹತ್ತಿ ಹೊರಡಬೇಕಿತ್ತು. ಅಣ್ಣಾರಾಯ ಮನಸ್ಸಿಲ್ಲದ ಮನಸ್ಸಿನಿಂದ ಮೂರನೆಯ ನಟ್ಟು ಮತ್ತೆ ಬದಲಿಸಿ, ಕುಂಕುಮ ಬಳಿದು, ಜಳಕ ಮಾಡಿ ಲಾರಿ ಒಪ್ಪಿಸಿದ. ಮಲ್ಕಮ್ಮನಿಗೆ ಅಂದು ರೊಟ್ಟಿ ಬಡಿಯುವ ಕೆಲಸವಿತ್ತು, ಪೂಜೆಗೆ ಬರಲಿಲ್ಲ. ಲಾರಿ ಅಫಜಲಪುರ ಮುಟ್ಟಿ ತಿರುಗಿ ಬಂದರೂ ಒಮ್ಮೆಯೂ ಟಕ್ ಎನ್ನಲಿಲ್ಲ. ದೌಲತರಾಯರು ಅವನ ಬೆನ್ನು ತಟ್ಟಿದರು. ಅದು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮುಚ್ಚಳ ತೆಗೆದ. ಹನ್ನೆರಡು ನಟ್ಟು, ಹನ್ನೆರಡರ ಮೇಲೂ ಅವನ ಹೆಬ್ಬೆಟ್ಟಿನ ಒರಟು ಬಳಿತ. ಏನೋ ಹೊಳೆದು, ಮೂಲೆಯಲ್ಲಿದ್ದ ಡಬ್ಬಿ ಸುರುವಿದ. ತೆಗೆದು ಎಸೆದಿದ್ದ ಮೂರು ನಟ್ಟು ಅಂಗೈಗೆ ಬಂದವು. ಮೂರರ ಮೇಲೂ ಕುಂಕುಮ ಇತ್ತು: ದುಂಡಗೆ, ತೊಗರಿ ಕಾಳಿನಷ್ಟು, ಕನ್ನಡಿ ನೋಡಿ ಇಟ್ಟಷ್ಟು ನೀಟಾಗಿ.

ನಟ್ಟುಗಳನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಮಲ್ಕಮ್ಮ ತಲೆಯೆತ್ತಿದಳು. ಅವನು ಅಂಗೈ ನೋಡಿದ, ಅವಳ ಹಣೆ ನೋಡಿದ.

"ಎಷ್ಟು ತಿರುಗಿಸಿದ್ದಿ?" ಎಂದ.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನೀವಽ ಹೇಳಿದ್ರಲ್ರಿ, ಪಾವ್ ಸುತ್ತು ಸಾಕಂತ."